ಡ್ರೈವರ್ ವೇಗವನ್ನಷ್ಟೇ ನೋಡಿ ದುಬಾರಿ ಗಾಲ್ಫ್ ಚೆಂಡು ಕೊಳ್ಳಬೇಡಿ

ನಿಮ್ಮ ಸ್ವಿಂಗಿಗೆ ತಕ್ಕ ಚೆಂಡನ್ನು ಆರಿಸಿಕೊಡುತ್ತೇವೆಂದು ಹೇಳಿ, ಡ್ರೈವರ್ (ಅತಿ ದೂರ ಹೊಡೆಯುವ ಕ್ಲಬ್, ಅಂದರೆ ಗಾಲ್ಫ್ ಕೋಲು) ಬೀಸುವ ವೇಗವೊಂದನ್ನೇ ಅಳೆದು, ಆ ಅಂಕಿಯನ್ನು ಗೋಡೆಯ ಮೇಲಿನ ಪಟ್ಟಿಯೊಡನೆ ಹೋಲಿಸಿ ಡಜನ್‌ಗಟ್ಟಲೆ ಚೆಂಡುಗಳನ್ನು ಯಾರಾದರೂ ನಿಮ್ಮ ಮುಂದಿಟ್ಟರೆ, ದಯವಿಟ್ಟು ಅಲ್ಲಿ ಹಣ ಕೊಡಬೇಡಿ. ನನಗೆ ಆದದ್ದು ಇದೇ. ಕೈಬಿಟ್ಟ ಹಣಕ್ಕಿಂತ ಹೆಚ್ಚಾಗಿ, ಗ್ರೀನ್ (ಬಾವುಟ, ಕುಳಿ ಇರುವ ನುಣುಪು ಹುಲ್ಲಿನ ಜಾಗ) ಸುತ್ತಮುತ್ತಲಿನ ನನ್ನ ಆಟ ತಿಂಗಳುಗಟ್ಟಲೆ ಕೆಟ್ಟುಹೋಯಿತು. ಇನ್ನೊಬ್ಬರಿಗೆ ಹಾಗಾಗಬಾರದೆಂದು ನಡೆದದ್ದನ್ನೂ ಅದರ ಕಾರಣವನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಗಾಲ್ಫ್ ಸಾಮಗ್ರಿಯ ಮಳಿಗೆಯೊಂದರಲ್ಲಿ ನನ್ನಿಂದ ಬಲೆಯೊಳಕ್ಕೆ ಡ್ರೈವರ್ ಹೊಡೆಸಿ ಹೊಡೆತವನ್ನು ಅಳೆಯುವ ಲಾಂಚ್ ಮಾನಿಟರ್ ಯಂತ್ರದಲ್ಲಿ ವೇಗ ನೋಡಿದರು. ಹೊಡೆಯಲು ಕೊಟ್ಟದ್ದು ಸವೆದ ಅಭ್ಯಾಸದ ಚೆಂಡುಗಳು. ವೇಗ ಗಂಟೆಗೆ 90 ಮೈಲಿಯ ಆಸುಪಾಸಿನಲ್ಲಿತ್ತು. ಹವ್ಯಾಸಿ ಆಟಗಾರರಲ್ಲಿ ಇದು ತೀರಾ ಸಾಮಾನ್ಯ ವೇಗ. ಇಷ್ಟು ವೇಗಕ್ಕೆ ಗಟ್ಟಿ ಚೆಂಡು ಅಮುಕುವುದೇ ಇಲ್ಲ, ಕಡಿಮೆ ಕಂಪ್ರೆಷನ್ನಿನ (ಚೆಂಡು ಎಷ್ಟು ಗಟ್ಟಿ ಎಂಬುದರ ಅಂಕಿ) ಮೆತ್ತನೆಯ ಚೆಂಡೇ ನಿಮಗೆ ಸರಿ, ದೂರವೂ ಹೆಚ್ಚುತ್ತದೆ, ಬಲಕ್ಕೆ ಬಾಗುವುದೂ ನಿಲ್ಲುತ್ತದೆ ಎಂದು ಮಾರಾಟಗಾರರು ಖಚಿತವಾಗಿ ಹೇಳಿದರು. ಪೆಟ್ಟಿಗೆಯ ಮೇಲೆ ಮೂರು ಪದರಗಳ ಚೆಂಡೆಂದು ದೊಡ್ಡ ಅಕ್ಷರಗಳಲ್ಲಿತ್ತು. ಹೊದಿಕೆ ಯಾವುದರದ್ದೆಂಬುದು ಒಂದು ಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿತ್ತು. ಹತ್ತಿರದಿಂದ ಚೆಂಡನ್ನು ಎತ್ತಿ ಹಾಕುವ ಕ್ಲಬ್ಬಾದ ವೆಡ್ಜ್ ಹೊಡೆಯಲು ಅಲ್ಲಿ ಜಾಗವೂ ಇರಲಿಲ್ಲ, ಅದರ ಮಾತನ್ನು ಅವರು ಎತ್ತಲೂ ಇಲ್ಲ. ಹೆಚ್ಚು ಡಜನ್ ಕೊಂಡರೆ ರಿಯಾಯಿತಿ ಎಂದರು, ಹಾಗೆಯೇ ಆಯಿತು.

ಟೀಯಿಂದ, ಅಂದರೆ ಪ್ರತಿ ಹೋಲಿನ ಮೊದಲ ಹೊಡೆತದ ಜಾಗದಿಂದ, ಹೊಡೆದಾಗ ದೂರುವಂಥದ್ದೇನೂ ಕಾಣಲಿಲ್ಲ. ತೊಂದರೆ ಶುರುವಾದದ್ದು ಗ್ರೀನ್ ಹತ್ತಿರವಾದಾಗ. ಸುಮಾರು 30 ಮೀಟರಿನಿಂದ ವೆಡ್ಜ್‌ನಲ್ಲಿ ಎತ್ತಿ ಹಾಕಿದ ಚೆಂಡು ಮೊದಲಿನಂತೆ ತಗ್ಗಾಗಿ ಹೊರಡದೆ ಕ್ಲಬ್ಬಿನ ಮುಖದ ಮೇಲೆ ಜಾರಿದ ಹಾಗೆ ಎತ್ತರಕ್ಕೆ ಏರುತ್ತಿತ್ತು. ನಾನು ಎಣಿಸಿದ ಜಾಗದಲ್ಲೇ ಬೀಳುತ್ತಿತ್ತು, ಒಮ್ಮೆ ಪುಟಿಯುತ್ತಿತ್ತು. ಎರಡನೆಯ ಪುಟಿತದಲ್ಲಿ ಹಿಡಿದು ನಿಲ್ಲುತ್ತಿದ್ದ ನನ್ನ ಹಳೆಯ ಚೆಂಡಿನಂತೆ ನಿಲ್ಲದೆ ಬಾವುಟವನ್ನು ದಾಟಿ ಉರುಳುತ್ತಾ ಗ್ರೀನಿನ ಹಿಂದಿನ ಅಂಚಿನ ಹುಲ್ಲಿಗೆ ಸೇರಿಬಿಡುತ್ತಿತ್ತು. ಮಧ್ಯಮ ದೂರದ ಕ್ಲಬ್ಬಾದ 7ನೇ ಐರನ್‌ನಿಂದ ಹೊಡೆದರೂ ಕಥೆ ಬೇರೆಯಾಗಿರಲಿಲ್ಲ; ಗ್ರೀನ್ ಮೇಲೆ ಬಿದ್ದ ಚೆಂಡು ಗ್ರೀನ್ ಮೇಲೆ ಉಳಿಯುತ್ತಿರಲಿಲ್ಲ. ಕೈಯಲ್ಲೇ ಏನೋ ದೋಷವಿರಬೇಕೆಂದು ಚೆಂಡನ್ನಿಡುವ ಜಾಗ, ಮಣಿಕಟ್ಟು ಎಲ್ಲವನ್ನೂ ಬದಲಿಸುತ್ತಾ ಹೋದೆ. ಹಾನಿ ನಿಜವಾಗಿ ಹರಡಿದ್ದು ಹೀಗೆ: ಕೆಟ್ಟ ಆಯ್ಕೆಯ ಚೆಂಡು ಚೆನ್ನಾಗಿದ್ದ ಸ್ವಿಂಗನ್ನೂ ಕೆಡಿಸುತ್ತದೆ.

ಸುಳಿವು ಸಿಕ್ಕಿದ್ದು ವೆಡ್ಜ್ ಒರೆಸುವಾಗ. ಯುರೆಥೇನ್ ಎಂಬ ಮೆತ್ತನೆಯ ಪ್ಲಾಸ್ಟಿಕ್ ಹೊದಿಕೆಯ ಚೆಂಡನ್ನು ಹೊಸ ವೆಡ್ಜ್‌ನಿಂದ ಬಲವಾಗಿ ಹೊಡೆದರೆ ವೆಡ್ಜ್ ಮುಖದ ಗೀರುಗಳಲ್ಲಿ ಬಿಳಿಯ ಪುಡಿಯಂಥ ಚೂರು ಸಿಕ್ಕಿಕೊಂಡಿರುತ್ತದೆ. ಹೊದಿಕೆ ಗೀರನ್ನು ಹಿಡಿದುಕೊಂಡಿತೆಂಬುದಕ್ಕೆ ಅದು ಗುರುತು. ಈ ಚೆಂಡಿನಿಂದ ಎಷ್ಟು ಹೊಡೆದರೂ ಗೀರುಗಳು ಸ್ವಚ್ಛವಾಗಿಯೇ ಇದ್ದವು. ಪೆಟ್ಟಿಗೆಯ ಬದಿಯನ್ನು ಓದಿದಾಗ ಹೊದಿಕೆ ಅಯೊನೊಮರ್‌ದೆಂದು ತಿಳಿಯಿತು. ಸರ್ಲಿನ್ ಎಂಬ ಹೆಸರಿನಲ್ಲಿ ಆಟಗಾರರಿಗೆ ಪರಿಚಿತವಾದದ್ದು ಇದೇ ಬಗೆಯ ವಸ್ತು. ಅದು ಗಟ್ಟಿ, ಬಾಳಿಕೆ ಬರುವಂಥದ್ದು, ಆದರೆ ವೆಡ್ಜ್‌ಗೆ ಜಾರುವಂಥದ್ದು. ಒಳಗಿನ ತಿರುಳು ಎಷ್ಟೇ ಮೆತ್ತಗಿರಲಿ, ಪದರಗಳು ಮೂರಿರಲಿ ನಾಲ್ಕಿರಲಿ, ಮೇಲಿನ ಹೊದಿಕೆ ಗೀರನ್ನು ಹಿಡಿಯದಿದ್ದರೆ ಆ ಚೆಂಡು ಗ್ರೀನ್ ಮೇಲೆ ನಿಲ್ಲುವುದು ಕಷ್ಟ.

ಡ್ರೈವರ್ ತಾಗಿದಾಗ ಚೆಂಡು ಅದರ ಮುಖಕ್ಕೆ ಅಂಟಿಕೊಂಡಿರುವುದು ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗದ ಅರ್ಧದಷ್ಟು ಹೊತ್ತು. ಆ ಹೊತ್ತಿನಲ್ಲಿ ಮುಖ್ಯವಾಗಿ ಕೆಲಸ ಮಾಡುವುದು ತಿರುಳು. ಹೊದಿಕೆಯ ಪಾತ್ರ ಕಡಿಮೆ. ವೆಡ್ಜ್‌ನ ಮುಖ ಓರೆಯಾಗಿರುವುದರಿಂದ ಅಲ್ಲಿ ಮೆತ್ತನೆಯ ಹೊದಿಕೆ, ಗೀರಿಗೂ ಒಳಗಿನ ಗಟ್ಟಿ ಪದರಕ್ಕೂ ನಡುವೆ ಸಿಕ್ಕಿ ಅದುಮಲ್ಪಟ್ಟು ಸ್ಪಿನ್ (ಚೆಂಡನ್ನು ನಿಲ್ಲಿಸುವ ಹಿಮ್ಮುಖ ತಿರುಗು) ಹುಟ್ಟುತ್ತದೆ. ಅಮೆರಿಕದ ವೃತ್ತಿಪರ ಪಂದ್ಯಾವಳಿಯಾದ ಪಿಜಿಎ ಟೂರ್ ಆಟಗಾರರ ಡ್ರೈವರ್ ಹೊಡೆತದಲ್ಲಿ ಸ್ಪಿನ್ ನಿಮಿಷಕ್ಕೆ ಸುಮಾರು 2600 ಸುತ್ತು, 7ನೇ ಐರನ್‌ನಲ್ಲಿ ಸುಮಾರು 7000, ಪಿಚಿಂಗ್ ವೆಡ್ಜ್‌ನಲ್ಲಿ 9000ಕ್ಕೂ ಮೇಲೆ. 2000ರಲ್ಲಿ ಟೈಟ್‌ಲಿಸ್ಟ್ ಪ್ರೋ ವಿ1 ಚೆಂಡು ಬಂದಾಗ ವೃತ್ತಿಪರರು ರಬ್ಬರ್ ದಾರ ಸುತ್ತಿದ ಹಳೆಯ ಚೆಂಡುಗಳನ್ನು ಅಷ್ಟು ಬೇಗ ಬಿಟ್ಟದ್ದು ಈ ಎರಡು ಗುಣಗಳು ಒಂದೇ ಚೆಂಡಿನಲ್ಲಿ ಸಿಕ್ಕವೆಂದು: ಡ್ರೈವರ್‌ಗೆ ಘನ ತಿರುಳಿನ ವೇಗ, ವೆಡ್ಜ್‌ಗೆ ಯುರೆಥೇನ್ ಹೊದಿಕೆಯ ಹಿಡಿತ. ದುಬಾರಿ ಚೆಂಡಿಗೆ ನಾವು ಹೆಚ್ಚು ಹಣ ತೆರುವುದು ಈ ಹಿಡಿತಕ್ಕೇ. ಆ ಹಿಡಿತವನ್ನು ಒಮ್ಮೆಯೂ ಪರೀಕ್ಷಿಸದೆ ಮಾರುವುದು ಕೊಳ್ಳುವವರಿಗೆ ಮಾಡುವ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ನಿಧಾನ ಸ್ವಿಂಗಿಗೆ ಗಟ್ಟಿ ಚೆಂಡು ಅಮುಕುವುದಿಲ್ಲ ಎಂಬ ಮಾತನ್ನೂ ನಂಬಬೇಡಿ. 90 ಮೈಲಿಗಿಂತ ಕಡಿಮೆ ವೇಗದಲ್ಲಿ ಹೊಡೆದರೂ ಯಾವ ಚೆಂಡೇ ಆಗಲಿ ಸ್ಪಷ್ಟವಾಗಿ ಚಪ್ಪಟೆಯಾಗುತ್ತದೆ. ಗಟ್ಟಿಯದು ಸ್ವಲ್ಪ ಕಡಿಮೆ, ಮೆತ್ತನೆಯದು ಸ್ವಲ್ಪ ಹೆಚ್ಚು. ಕಂಪ್ರೆಷನ್ ಅಂಕಿಯಿಂದ ತಿಳಿಯುವುದು ಬಹುಮಟ್ಟಿಗೆ ಹೊಡೆದಾಗ ಕೈಗೆ ಸಿಗುವ ಅನುಭವ. ಅದು ಸಣ್ಣ ವಿಷಯವಲ್ಲ. ಗ್ರೀನ್ ಮೇಲೆ ಚೆಂಡು ಉರುಳಿಸುವ ಕ್ಲಬ್ಬಾದ ಪಟ್ಟರ್‌ಗೆ ತಾಗುವ ಸದ್ದು, ಸ್ಪರ್ಶ ಹಿಡಿಸದ ಚೆಂಡಿನಲ್ಲಿ ಆಡುವುದು ಕಷ್ಟವೇ. ಆದರೆ ಸ್ವಿಂಗ್ ವೇಗಕ್ಕೆ ಒಂದು ಕಂಪ್ರೆಷನ್ ಎಂದು ಗೆರೆ ಎಳೆಯುವ ಪಟ್ಟಿಯನ್ನು ನೆಚ್ಚಿ ಚೆಂಡು ಆರಿಸುವಂತಿಲ್ಲ. ದೂರದ ಆಸೆಗೂ ಒಂದು ಮಿತಿಯಿದೆ: ಗಾಲ್ಫ್ ನಿಯಮ ರೂಪಿಸುವ ಸಂಸ್ಥೆಗಳಾದ ಆರ್ ಅಂಡ್ ಎ ಮತ್ತು ಯುಎಸ್‌ಜಿಎ ನಿಯಮದಂತೆ ಚೆಂಡಿನ ತೂಕ 45.93 ಗ್ರಾಂ ಮೀರಬಾರದು, ವ್ಯಾಸ 42.67 ಮಿಲಿಮೀಟರಿಗಿಂತ ಕಡಿಮೆಯಿರಬಾರದು, ಹೊರಡುವ ವೇಗಕ್ಕೂ ಒಟ್ಟು ದೂರಕ್ಕೂ ಕಟ್ಟುಪಾಡುಗಳಿವೆ. ಒಳ್ಳೆಯ ಚೆಂಡುಗಳೆಲ್ಲ ಆ ಮಿತಿಗೆ ಹತ್ತಿರವೇ ಇರುವುದರಿಂದ ಟೀಯಿಂದ ಕಾಣುವ ವ್ಯತ್ಯಾಸ ಚಿಕ್ಕದು. ಚೆಂಡು ಬಲಕ್ಕೆ ಬಾಗುವುದು ಕ್ಲಬ್ಬಿನ ಮುಖ ಮತ್ತು ಅದು ಬೀಸುವ ಹಾದಿಯ ನಡುವಿನ ಕೋನದಿಂದ. ಸ್ಪಿನ್ ಕಡಿಮೆಯಿರುವ ಚೆಂಡಿನಲ್ಲಿ ಆ ಬಾಗು ತುಸು ತಗ್ಗಬಹುದು, ನಿಲ್ಲುವುದಿಲ್ಲ.

ಹಿಂದಿರುಗಿಸಲು ಹೋದಾಗ, ಸ್ಲೀವ್ (ಪೆಟ್ಟಿಗೆಯೊಳಗಿನ ಕೆಲವೇ ಚೆಂಡುಗಳ ಸಣ್ಣ ಡಬ್ಬಿ) ಬಿಚ್ಚಿದ ಪೆಟ್ಟಿಗೆ ಇರಲಿ, ಮುಟ್ಟದೇ ಇಟ್ಟ ಪೆಟ್ಟಿಗೆಗಳನ್ನೂ ರಿಯಾಯಿತಿಯ ಮಾಲೆಂಬ ಕಾರಣ ಕೊಟ್ಟು ಮಳಿಗೆಯವರು ತೆಗೆದುಕೊಳ್ಳಲಿಲ್ಲ. ಕೊಳ್ಳುವಾಗ ಈ ಷರತ್ತನ್ನು ಬಾಯಿಬಿಟ್ಟು ಹೇಳಿರಲಿಲ್ಲ.

ಚೆಂಡಿನ ಪರೀಕ್ಷೆ ಗ್ರೀನ್‌ನಿಂದ ಶುರುವಾಗಿ ಹಿಂದಕ್ಕೆ ಹೋಗಬೇಕು. ಡ್ರೈವರ್ ಬೇಡದ ಚಿಕ್ಕ ಹೋಲ್‌ಗಳಾದ ಪಾರ್-3 ನಾಲ್ಕು ಇರುವ ಕೋರ್ಸಿನಲ್ಲಿ 18 ಹೋಲ್ ಮುಗಿಸಿದರೂ ಟೀಯಿಂದ ಡ್ರೈವರ್ ಎತ್ತುವ ಸಂದರ್ಭ ಹೆಚ್ಚೆಂದರೆ 14. ಉಳಿದದ್ದೆಲ್ಲ ಐರನ್, ವೆಡ್ಜ್, ಪಟ್ಟರ್. ಆದ್ದರಿಂದ ಎರಡು ಬಗೆಯ ಚೆಂಡುಗಳ ಒಂದೊಂದು ಸ್ಲೀವ್ ತೆಗೆದುಕೊಂಡು ನಿಜವಾದ ಹುಲ್ಲಿನ ಮೇಲೆ ಮೊದಲು ಚಿಪ್ (ಗ್ರೀನ್ ಅಂಚಿನಿಂದ ಪುಟ್ಟ ಹೊಡೆತ), ಆಮೇಲೆ 30ರಿಂದ 50 ಮೀಟರಿನ ಪಿಚ್ (ಎತ್ತಿ ಹಾಕುವ ಹೊಡೆತ), ಬಳಿಕ ಐರನ್, ಕೊನೆಗೆ ಡ್ರೈವರ್ ಹೊಡೆದು ನೋಡಿ. ಒಂದು ಬಗೆಯನ್ನು ಪೂರ್ತಿ ಮುಗಿಸಿ ಇನ್ನೊಂದನ್ನು ಹಿಡಿಯಬೇಡಿ. ಒಂದಾದ ಮೇಲೊಂದರಂತೆ ಬದಲಿಸುತ್ತಾ ಹೊಡೆದರೆ ಗಾಳಿ, ದಣಿವು ಎರಡಕ್ಕೂ ಸಮನಾಗಿ ಹಂಚಿಹೋಗುತ್ತವೆ. ಪ್ರತಿ ಹೊಡೆತದ ಮುಂಚೆ ವೆಡ್ಜ್ ಒರೆಸಿ, ಏಕೆಂದರೆ ಗೀರಿನಲ್ಲಿ ಮಣ್ಣೋ ತೇವವೋ ಇದ್ದರೆ ಯುರೆಥೇನ್ ಚೆಂಡೂ ಜಾರುತ್ತದೆ. ಉದ್ದ ಹುಲ್ಲಿನ ರಫ್‌ನಿಂದ ಹೊಡೆದು ಹೋಲಿಸಿದರೆ ಏನೂ ತಿಳಿಯುವುದಿಲ್ಲ.

ಖರ್ಚು ಉಳಿಸಲು ಕೆರೆಯಿಂದ ತೆಗೆದ ಚೆಂಡುಗಳನ್ನೋ ಮತ್ತೆ ಬಣ್ಣ ಬಳಿದು ಹೆಸರು ಅಚ್ಚೊತ್ತಿದ ಚೆಂಡುಗಳನ್ನೋ ಪರೀಕ್ಷೆಗೆ ಬಳಸಬೇಡಿ. ಹೊಸ ಬಣ್ಣದ ಪದರ ಚೆಂಡಿನ ಮೈಮೇಲಿನ ಗುಳಿಗಳ ಆಳವನ್ನು ಬದಲಿಸಬಹುದು, ಗುಳಿಗಳು ಬದಲಾದರೆ ಹಾರಾಟವೂ ಬದಲಾಗುತ್ತದೆ. ಅಂಥ ಚೆಂಡು ಹೇಗೆ ಹಾರಿತೆಂಬುದರಿಂದ ಅದರ ಹೆಸರಿನ ಅಸಲಿ ಚೆಂಡಿನ ಗುಣ ಗೊತ್ತಾಗುವುದಿಲ್ಲ.

ತಗ್ಗಾಗಿ ಉರುಳಿಸುವ ಚಿಪ್‌ಗಳನ್ನೇ ಆಡುವವರಿಗೆ ಅಯೊನೊಮರ್ ಚೆಂಡು ಚೆನ್ನಾಗಿಯೇ ಒಗ್ಗುತ್ತದೆ, ಅವರು ದುಬಾರಿ ಬೆಲೆ ತೆರಬೇಕಾಗಿಯೇ ಇಲ್ಲ. ಎತ್ತಿ ಹಾಕಿ ನಿಲ್ಲಿಸುವ ಆಟ ನಿಮ್ಮದಾದರೆ, ಹೊದಿಕೆ ಯುರೆಥೇನ್ ಹೌದೇ ಎಂದು ಪೆಟ್ಟಿಗೆಯ ಮೇಲೆ ನೀವೇ ಓದಿ ನೋಡಿ, ಬಿಚ್ಚದ ಪೆಟ್ಟಿಗೆಯನ್ನು ಹಿಂದಕ್ಕೆ ಪಡೆಯುತ್ತಾರೆಯೇ ಎಂಬುದನ್ನು ರಸೀದಿಯ ಮೇಲೆ ಬರೆಸಿಕೊಳ್ಳಿ, ಮತ್ತು ಒಂದು ಸ್ಲೀವನ್ನು ಹುಲ್ಲಿನ ಮೇಲೆ ಆಡಿ ನೋಡುವ ತನಕ ಡಜನ್ನಿನ ಮಾತಿಗೆ ಒಪ್ಪಬೇಡಿ.