ಒಂದೇ ಸ್ಕ್ಯಾನ್, ಮೂರು ನಕ್ಷೆ

ನೆನಪಿನ ಅಧ್ಯಯನಕ್ಕಾಗಿ ಅರವತ್ತು ದಾಟಿದವರ ವಿಶ್ರಾಂತಿ ಸ್ಥಿತಿಯ (ಸುಮ್ಮನೆ ಮಲಗಿದ್ದಾಗಿನ ಮೆದುಳಿನ ಚಟುವಟಿಕೆಯ) ಎಫ್‌ಎಂಆರ್‌ಐ ಸ್ಕ್ಯಾನ್‌ಗಳನ್ನು ವಿಶ್ಲೇಷಿಸಲು ಕುಳಿತಾಗ ನಾನು ಮೊದಲು ಕೈಗೆತ್ತಿಕೊಂಡದ್ದು ಎಎಎಲ್ ಅಟ್ಲಾಸ್, ಅಂದರೆ ಮೆದುಳನ್ನು ಹೆಸರಿಟ್ಟ ಭಾಗಗಳಾಗಿ ಹಂಚುವ ಒಂದು ನಕ್ಷೆ. ಹಿರಿಯರು ಬಳಸಿದ್ದರು, ನಾನೂ ಬಳಸಿದೆ. 2002ರಲ್ಲಿ ಬಂದ ಈ ನಕ್ಷೆಯಲ್ಲಿ ಕಿರುಮೆದುಳೂ ಸೇರಿ 116 ಭಾಗಗಳಿವೆ. ಹೆಸರುಗಳು ಅಂಗರಚನಾಶಾಸ್ತ್ರದವೇ ಆದ್ದರಿಂದ ವೈದ್ಯರಿಗೆ ಥಟ್ಟನೆ ಅರ್ಥವಾಗುತ್ತವೆ. ಆದರೆ ಇದರ ಗಡಿಗಳನ್ನು ಗುರುತಿಸಿದ್ದು ಒಬ್ಬನೇ ವ್ಯಕ್ತಿಯನ್ನು 27 ಬಾರಿ ಸ್ಕ್ಯಾನ್ ಮಾಡಿ ಸರಾಸರಿ ತೆಗೆದ ಚಿತ್ರದ ಮೇಲೆ. ವಯಸ್ಸಿನೊಂದಿಗೆ ಕುಹರಗಳು (ದ್ರವ ತುಂಬಿದ ಪೊಳ್ಳುಗಳು) ಹಿಗ್ಗಿದ ಮೆದುಳುಗಳ ಮೇಲೆ ಆ ಗೆರೆಗಳನ್ನು ಹಾಸಿ ನೋಡಿದಾಗ ಕೆಲವು ಕಡೆ ಅವು ಅಂಗಾಂಶ ಬಿಟ್ಟು ದ್ರವದೊಳಕ್ಕೆ ಇಳಿದಿದ್ದವು. ಪ್ರತಿ ಸ್ಕ್ಯಾನನ್ನೂ ಕಣ್ಣಿಟ್ಟು ನೋಡಬೇಕೆಂದು ನಾನು ಹಟ ಹಿಡಿಯುವುದು ಅಂದಿನಿಂದ.

ಅದಕ್ಕಿಂತ ಹೆಚ್ಚು ಕಾಡಿದ್ದು ಪ್ರಿಕ್ಯೂನಿಯಸ್, ಮೆದುಳಿನ ಹಿಂಬದಿಯ ಒಳಮೈಯಲ್ಲಿರುವ ಒಂದು ಭಾಗ. ಅದರ ಮುಂಭಾಗ ಚಲನೆ ಮತ್ತು ಸ್ಪರ್ಶದ ಪ್ರದೇಶಗಳೊಡನೆ, ಹಿಂಭಾಗ ದೃಷ್ಟಿಯ ಪ್ರದೇಶಗಳೊಡನೆ ಒಡನಾಡುತ್ತದೆ. ಎಎಎಲ್‌ನಲ್ಲಿ ಮೆದುಳಿನ ಒಂದು ಪಾರ್ಶ್ವಕ್ಕೆ ಒಂದೇ ಪ್ರಿಕ್ಯೂನಿಯಸ್. ಒಳಗಿನ ಸಂಕೇತಗಳೆಲ್ಲ ಸರಾಸರಿಯಲ್ಲಿ ಕಲಸಿಹೋಗುತ್ತವೆ. ಯಾವ ಭಾಗ ಯಾವುದರೊಡನೆ ಒಡನಾಡುತ್ತದೆ ಎಂದು ತೋರಿಸುವ ನನ್ನ ಗ್ರಾಫಿನಲ್ಲಿ ಅದರ ಸಂಪರ್ಕಗಳು ಪೇಲವವಾಗಿ ಕಂಡಾಗ ತಪ್ಪು ರೋಗಿಗಳಲ್ಲಿದೆ ಎಂದುಕೊಂಡು ವಾರಗಟ್ಟಲೆ ಕಳೆದೆ.

ಶೇಫರ್ ಅಟ್ಲಾಸಿಗೆ ಬಂದಾಗ ಅದೇ ಜಾಗ ಬೇರೆ ಬೇರೆ ಜಾಲಗಳ (ಒಟ್ಟಿಗೆ ಕೆಲಸ ಮಾಡುವ ಪ್ರದೇಶಗಳ ಗುಂಪುಗಳ) ತುಂಡುಗಳಾಗಿ ಬಿಡಿಸಿಕೊಂಡಿತು. 2018ರ ಈ ನಕ್ಷೆಯನ್ನು 1489 ಜನರ ವಿಶ್ರಾಂತಿ ಸ್ಕ್ಯಾನ್‌ಗಳಿಂದ ಕಟ್ಟಿದ್ದಾರೆ (ಅವರೂ ಯುವಜನರೇ ಎಂಬುದನ್ನು ಮರೆಯಬಾರದು). 100ರಿಂದ 1000 ಭಾಗಗಳವರೆಗೆ ಆಯ್ಕೆಯುಂಟು. ಆಸೆಪಟ್ಟು 400 ತೆಗೆದುಕೊಂಡೆ. ಪ್ರತಿ ಭಾಗವನ್ನೂ ಉಳಿದೆಲ್ಲದರೊಡನೆ ಜೋಡಿಸಿ ನೋಡಬೇಕಲ್ಲ, ಪರೀಕ್ಷಿಸಬೇಕಾದ ಜೋಡಿಗಳು 79,800 ಆದವು. ನನ್ನಲ್ಲಿದ್ದ ಕೆಲವೇ ಸ್ಕ್ಯಾನ್‌ಗಳಿಗೆ ಅದು ಹೊರಲಾರದ ಭಾರ. 200ಕ್ಕೆ ಇಳಿದೆ, 19,900 ಜೋಡಿಗಳು. ಭಾಗಗಳ ಹೆಸರುಗಳು ಮಾತ್ರ ಸಂಕೇತಾಕ್ಷರಗಳ ಸಾಲು, ವೈದ್ಯರ ಮುಂದೆ ಪ್ರತಿಯೊಂದನ್ನೂ ಬಿಡಿಸಿ ಹೇಳಬೇಕು.

ಶೇಫರ್‌ನಲ್ಲಿ ಇರುವುದು ಮೆದುಳಿನ ಹೊರಪದರ ಮಾತ್ರ. ನೆನಪಿನ ಬಗ್ಗೆ ಕೇಳುವವಳು ನೆನಪುಗಳನ್ನು ರೂಪಿಸುವ, ಮೆದುಳಿನ ಒಳಗೆ ಹುದುಗಿರುವ ಹಿಪೊಕ್ಯಾಂಪಸ್ ಬಿಟ್ಟು ಹೇಗೆ ಕೇಳಲಿ? ಅದನ್ನು ಹಾರ್ವರ್ಡ್-ಆಕ್ಸ್‌ಫರ್ಡ್ ಅಟ್ಲಾಸಿನಿಂದ ತಂದುಕೊಂಡೆ. ಪ್ರತಿ ವಾಕ್ಸೆಲ್ (ಸ್ಕ್ಯಾನಿನ ಒಂದು ಪುಟ್ಟ ಘನ) ಇಂಥ ಭಾಗಕ್ಕೆ ಸೇರುವ ಸಂಭವ ಎಷ್ಟೆಂದು ಅದು ಶೇಕಡಾವಾರು ಹೇಳುತ್ತದೆ. ಈ ಪ್ರಾಮಾಣಿಕತೆ ನನಗೆ ಬಹಳ ಇಷ್ಟ. ಆದರೆ ವಾಕ್ಸೆಲನ್ನು ಭಾಗಕ್ಕೆ ಸೇರಿಸಿಕೊಳ್ಳಲು ಬೇಕಾದ ಕನಿಷ್ಠ ಸಂಭವದ ಮಿತಿಯನ್ನು ಶೇಕಡಾ 25ರಿಂದ 50ಕ್ಕೆ ಏರಿಸಿದರೆ ಹಿಪೊಕ್ಯಾಂಪಸ್ ಕಣ್ಣೆದುರೇ ಕುಗ್ಗುತ್ತದೆ. ಯಾವ ಮಿತಿ ಇಟ್ಟೆವೆಂದು ಪ್ರಬಂಧದಲ್ಲಿ ಬರೆಯಲೇಬೇಕು.

ಈಗ ನನ್ನ ಮುಖ್ಯ ವಿಶ್ಲೇಷಣೆ ಶೇಫರ್ 200 ಮತ್ತು ಹಾರ್ವರ್ಡ್-ಆಕ್ಸ್‌ಫರ್ಡ್‌ನ ಹಿಪೊಕ್ಯಾಂಪಸ್ ಸೇರಿಸಿ ನಡೆಯುತ್ತದೆ. ಎಎಎಲ್ ಅನ್ನು ಹಳೆಯ ಅಧ್ಯಯನಗಳೊಡನೆ ಹೋಲಿಸಿ ನೋಡಬೇಕಾದಾಗಷ್ಟೇ ತೆರೆಯುತ್ತೇನೆ.