ಯಾರ್ಕೋ, ಬಾತೋ? ಎರಡೂ ಊರು ಸುತ್ತಿ ಕಂಡದ್ದು

ಲಂಡನ್ನಿನಿಂದ ಹೊರಟು ಒಂದು ಹಳೆಯ ಊರನ್ನು ನೋಡಿ ಬರಬೇಕೆನ್ನುವವರಿಗೆ ಪ್ಯಾಡಿಂಗ್ಟನ್ನಿನಿಂದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆಯ ಬಾತ್ ಇದೆ, ಕಿಂಗ್ಸ್ ಕ್ರಾಸಿನಿಂದ ಸುಮಾರು ಎರಡು ಗಂಟೆಯ ಯಾರ್ಕ್ ಇದೆ. ಒಂದೇ ವಸಂತದಲ್ಲಿ ಎರಡನ್ನೂ ಸುತ್ತಿದ ನನಗೆ ನೋಡುವುದಕ್ಕೆ ಯಾರ್ಕ್, ಕೊಳ್ಳುವುದಕ್ಕೆ ಮತ್ತು ತಿನ್ನುವುದಕ್ಕೆ ಬಾತ್ ಹೆಚ್ಚು ಹಿಡಿಸಿತು.

ಎರಡೂ ರೋಮನ್ನರ ಕಾಲದ ಊರುಗಳೇ. ಆದರೆ ಇಂದಿನ ಬಾತ್ ಬಹುಮಟ್ಟಿಗೆ ಹದಿನೆಂಟನೆಯ ಶತಮಾನದ್ದು. ಊರಿಗೆ ಊರೇ ಜೇನುಬಣ್ಣದ ಒಂದೇ ಕಲ್ಲಿನಿಂದ ಎದ್ದು ನಿಂತಂತೆ ಕಾಣುತ್ತದೆ. 1767ರಿಂದ 1774ರ ನಡುವೆ ಕಟ್ಟಿದ ರಾಯಲ್ ಕ್ರೆಸೆಂಟಿನ ಮೂವತ್ತು ಮನೆಗಳು ಅರ್ಧಚಂದ್ರಾಕಾರವಾಗಿ ಬಾಗಿ ನಿಂತಿರುವುದನ್ನು ಕಂಡಾಗ ಕಣ್ಣು ತುಂಬಿತು ನಿಜ, ಆದರೆ ಮೂರನೆಯ ಬೀದಿಯ ಹೊತ್ತಿಗೆ ನೋಡಿದ್ದನ್ನೇ ನೋಡುತ್ತಿದ್ದೇನೆ ಅನಿಸಿತು. ಸುಮಾರು 46 ಡಿಗ್ರಿ ಬಿಸಿಯ ಬುಗ್ಗೆಯ ಸುತ್ತ ರೋಮನ್ನರು ಕಟ್ಟಿದ ಸ್ನಾನಗೃಹಕ್ಕೆ ಟಿಕೆಟ್ ದುಬಾರಿಯಾದರೂ ತಪ್ಪಿಸಬಾರದು. ಅಲ್ಲಿನ ಹಸಿರು ಕೊಳದಲ್ಲಿ ಕೈ ಅದ್ದುವ ಹಾಗಿಲ್ಲ. ಶುದ್ಧೀಕರಿಸಿದ ಬುಗ್ಗೆಯ ನೀರನ್ನು ಮಾತ್ರ ಕುಡಿಯಲು ಕೊಡುತ್ತಾರೆ. ಉಗುರುಬೆಚ್ಚಗಿನ ಆ ನೀರನ್ನು ಬಾಯಿಗೆ ಹಾಕಿಕೊಂಡಾಗ ಬಚ್ಚಲಮನೆಯ ಹಳೆಯ ಹಂಡೆ ನೆನಪಾಯಿತು. ಎರಡನೆಯ ಗುಟುಕಿಗೆ ಧೈರ್ಯ ಸಾಲಲಿಲ್ಲ.

ಯಾರ್ಕಿನಲ್ಲಿ ಕಾಲದ ಮೇಲೆ ಕಾಲ ಕುಳಿತಿದೆ. ಕಾನ್‌ಸ್ಟಂಟೈನನನ್ನು ಸೈನಿಕರು 306ರಲ್ಲಿ ರೋಮನ್ ಚಕ್ರವರ್ತಿಯೆಂದು ಸಾರಿದ್ದು ಇಲ್ಲಿಯೇ. ಆಮೇಲೆ ಸ್ಕ್ಯಾಂಡಿನೇವಿಯಾದಿಂದ ಕಡಲು ದಾಟಿ ಬಂದ ವೈಕಿಂಗರು ತಮ್ಮ ಮಾತನ್ನು ಬೀದಿಗಳಲ್ಲಿ ಬಿಟ್ಟು ಹೋದರು. ಹೀಗಾಗಿ ಇಲ್ಲಿ ‘ಗೇಟ್’ ಎಂದರೆ ಬೀದಿ, ಕೋಟೆಯ ಬಾಗಿಲಿಗೆ ‘ಬಾರ್’ ಎನ್ನುತ್ತಾರೆ. ಇದು ತಿಳಿಯದೆ ನಾನು ಗೇಟು ಹುಡುಕುತ್ತ ಅರ್ಧ ಗಂಟೆ ಅಲೆದೆ. ಸುಮಾರು 3.4 ಕಿಲೋಮೀಟರ್ ಉದ್ದದ ಕೋಟೆಗೋಡೆಯ ಮೇಲೆ ನಡೆಯಲು ಕಾಸು ಕೊಡಬೇಕಿಲ್ಲ. ಅಷ್ಟೂ ನಡೆಯಲಾರದವರು ಬೂಥಮ್ ಬಾರ್‌ನಿಂದ ಮಾಂಕ್ ಬಾರ್‌ವರೆಗಿನ ತುಂಡನ್ನಾದರೂ ನಡೆಯಲಿ. ಕೆಳಗಿನ ತೋಟಗಳ ಆಚೆ ಮಿನ್‌ಸ್ಟರ್ ಇಗರ್ಜಿಯ ಗೋಪುರಗಳು ಹೆಜ್ಜೆಹೆಜ್ಜೆಗೂ ಬೇರೆ ಬೇರೆಯಾಗಿ ಕಾಣುತ್ತವೆ. ಕೆಲವೆಡೆ ಒಳಬದಿಗೆ ಕಟಾಂಜನವಿಲ್ಲ, ಮಕ್ಕಳ ಕೈ ಬಿಡಬಾರದು. ಮಿನ್‌ಸ್ಟರ್ ಒಳಗೆ 1408ರಲ್ಲಿ ಮುಗಿದ ಪೂರ್ವದ ಬಣ್ಣಗಾಜಿನ ಕಿಟಕಿಯ ಮುಂದೆ ಕುತ್ತಿಗೆ ನೋಯುವವರೆಗೂ ನಿಂತಿದ್ದೆ. ಮಳೆ ಹಿಡಿದರೆ ರೈಲ್ವೆ ವಸ್ತುಸಂಗ್ರಹಾಲಯವಿದೆ, ಅದಕ್ಕೂ ಪ್ರವೇಶಶುಲ್ಕವಿಲ್ಲ.

ಖರೀದಿಯಲ್ಲಿ ಮಾತ್ರ ಯಾರ್ಕ್ ಸೋಲುತ್ತದೆ. ಕಟುಕರ ಬೀದಿಯಾಗಿದ್ದ ಶ್ಯಾಂಬಲ್ಸ್‌ನಲ್ಲಿ ಮರದ ಚೌಕಟ್ಟಿನ ಮನೆಗಳ ಮಹಡಿಗಳು ಎದುರುಬದುರಾಗಿ ಬಾಗಿ ಇನ್ನೇನು ಮುಟ್ಟಿಕೊಳ್ಳುವಂತಿವೆ, ಮಾಂಸ ತೂಗುಹಾಕುತ್ತಿದ್ದ ಕೊಕ್ಕೆಗಳೂ ಉಳಿದಿವೆ. ಆದರೆ ಜನಜಂಗುಳಿಯಲ್ಲಿ ಅಂಗಡಿಯೊಳಗೆ ಕಾಲಿಡುವುದೇ ಕಷ್ಟ. ಎರಡೂ ಬದಿಗೆ ಅಂಗಡಿಗಳಿರುವ ಬಾತಿನ ಪುಲ್ಟ್ನಿ ಸೇತುವೆಯ ಮೇಲೂ ಅದರ ಸುತ್ತಲೂ ನಿಧಾನವಾಗಿ ಕೊಳ್ಳಬಹುದು.

ತಿನಿಸಿನಲ್ಲಿ ಯಾರ್ಕಿನ ಬೆಟ್ಟೀಸ್ ಎಂಬ ಚಹಾದಂಗಡಿಯ ‘ಫ್ಯಾಟ್ ರಾಸ್ಕಲ್’ ಎಂಬ, ಚೆರಿಯ ಕಣ್ಣು, ಬಾದಾಮಿಯ ಹಲ್ಲು ಇಟ್ಟ ದಪ್ಪ ತಿನಿಸು ನೋಡಲು ಚೆನ್ನ, ತಿನ್ನಲು ನನಗೆ ಸ್ವಲ್ಪ ಒಣ. ಬಾತಿನ ಸ್ಯಾಲಿ ಲನ್ ಬನ್ನು ಅಂಗೈಗಿಂತ ಅಗಲ. ಅದರ ಅರ್ಧವನ್ನು ಕಾಯಿಸಿ, ದಾಲ್ಚಿನ್ನಿಯ ಬೆಣ್ಣೆ ಸವರಿ ಕೊಟ್ಟರು. ಇನ್ನರ್ಧವನ್ನೂ ತರಿಸಿಕೊಂಡೆ.