ಹಾಲು ಬಿಡಿಸಿದ ದಿನವೇ ಹಂದಿಮರಿಗಳ ಆಹಾರ ಬದಲಿಸಬೇಡಿ

ಒಂದೇ ವಾರದಲ್ಲಿ ನಾಲ್ಕು ಮರಿ ಕಳೆದುಕೊಂಡೆ. ಅವನ್ನು ಆ ಸ್ಥಿತಿಗೆ ತಂದಿದ್ದು ನಾನೇ ಕಲಸಿ ಹಾಕಿದ ಆಹಾರ. ಮೀನಿನ ಪುಡಿ, ಹಾಲಿನ ಪುಡಿ ಬಿಟ್ಟು ಪೂರ್ತಿ ಸೋಯಾ ಹಿಂಡಿಗೆ ಹೋಗೋಣ ಎಂದು ಯೋಚಿಸುತ್ತಿರುವವರು ದಯವಿಟ್ಟು ಇದನ್ನೊಮ್ಮೆ ಓದಿ.

ಆ ಸೂಲಿನಲ್ಲಿ 11 ಮರಿಗಳಿದ್ದವು. ಎಲ್ಲವೂ ಗಟ್ಟಿಮುಟ್ಟು. ಹತ್ತನೇ ದಿನದಿಂದಲೇ ಮೀನಿನ ಪುಡಿ, ಹಾಲಿನ ಪುಡಿ, ನುಣ್ಣಗೆ ಬೀಸಿದ ಮೆಕ್ಕೆಜೋಳ ಕಲಸಿ ಸ್ವಲ್ಪ ಸ್ವಲ್ಪ ರುಚಿ ತೋರಿಸಿದ್ದೆ. 28ನೇ ದಿನ ತಾಯಿಯಿಂದ ಬೇರೆ ಮಾಡಿದೆ. ಅದೇ ಹೊತ್ತಿಗೆ ಮೀನಿನ ಪುಡಿ ಖಾಲಿಯಾಗಿತ್ತು. "ಸೋಯಾ ಹಾಕಿ, ಪ್ರೋಟೀನ್ ಲೆಕ್ಕ ಸರಿ ಬಂದರೆ ಸಾಕು" ಅಂದರು ಹಿಂಡಿ ಮಾರುವವರು. ನಾನೂ ಕೂತು ಲೆಕ್ಕ ಹಾಕಿದೆ. ಮೊದಲೂ ಶೇ. 21 ಪ್ರೋಟೀನ್, ಈಗಲೂ ಶೇ. 21. ಅಷ್ಟೇ ಅಲ್ವಾ ಅಂದುಕೊಂಡೆ.

ಎರಡು ದಿನ ಮರಿಗಳು ಸರಿಯಾಗಿ ತಿನ್ನಲಿಲ್ಲ. ತಾಯಿ ಬಿಟ್ಟ ಬೇಸರ ಇರಬಹುದು ಎಂದು ಸುಮ್ನಿದ್ದೆ. ಮೂರನೇ ದಿನ ಹೊಟ್ಟೆ ಹಸಿದು ಒಮ್ಮೆಲೇ ಮುಗಿಬಿದ್ದು ತಿಂದವು. ನಾಲ್ಕನೇ ದಿನ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದರೆ ಹುಳಿ ವಾಸನೆ ಮುಖಕ್ಕೆ ಹೊಡೆಯಿತು. ನೆಲದ ತುಂಬ ಹಳದಿ ನೀರು. ಬಾಲ, ಹಿಂಗಾಲು ಎಲ್ಲ ಒದ್ದೆ. ಎಲ್ಲವೂ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ನಡುಗುತ್ತಿದ್ದವು. ಒಂದನ್ನು ಎತ್ತಿಕೊಂಡೆ. ಕಿವಿ ತಣ್ಣಗಿತ್ತು, ಕಣ್ಣು ಗುಳಿ ಬಿದ್ದಿತ್ತು, ಬೆನ್ನುಮೂಳೆ ಕೈಗೆ ಸಿಗುತ್ತಿತ್ತು. ಅದು ಮಧ್ಯಾಹ್ನಕ್ಕೇ ಹೋಯಿತು.

ಪಶುವೈದ್ಯರು ಬಂದು ಔಷಧಿ ಕೊಟ್ಟರು, ಓಆರ್‌ಎಸ್ ನೀರು ಕುಡಿಸಿದರು, ಸಗಣಿ ಪರೀಕ್ಷೆಗೆ ಕಳಿಸಿದರು. ಇ. ಕೋಲಿ ಎಂದು ಬಂತು. ಆ ಬ್ಯಾಕ್ಟೀರಿಯಾ ಎಲ್ಲಿಂದ ಬಂತು ಎಂದು ಕೇಳಿದೆ. "ಶೆಡ್ಡಿನಲ್ಲಿ ಮೊದಲೂ ಇತ್ತು, ಈಗ ಅದಕ್ಕೆ ಊಟ ಹಾಕಿದ್ದು ನೀವು" ಅಂದರು. ಬಾಯಿ ಕಟ್ಟಿಹೋಯಿತು.

ಅವರು ವಿವರಿಸಿದ ಮೇಲೆ ಅರ್ಥವಾಯಿತು. ಆ ವಯಸ್ಸಿನ ಮರಿಯ ಹೊಟ್ಟೆ ಇರುವುದು ಹಾಲಿಗೆ. ಆಮ್ಲ ಕಡಿಮೆ, ಕಾಳಿನ ಪ್ರೋಟೀನ್ ಒಡೆಯುವ ಕಿಣ್ವಗಳೂ ಕಡಿಮೆ. ಹಾಲು ಬಿಟ್ಟ ಮೇಲೆ ಎರಡು ಮೂರು ದಿನ ಹೊಟ್ಟೆಗೆ ಸರಿಯಾಗಿ ಏನೂ ಬೀಳದಿದ್ದರೆ ಕರುಳಿನ ಒಳಗಿನ ಸಣ್ಣ ಬೆರಳಿನಂಥ ಎಳೆಗಳು ಮೊಟಕಾಗುತ್ತವೆ. ಆಹಾರ ಹೀರಿಕೊಳ್ಳುವುದೇ ಅವು. ಇತ್ತ ಗಿಣ್ಣು ಹಾಲಿನಿಂದ ಬಂದ ರಕ್ಷಣೆ ಮೂರು ನಾಲ್ಕು ವಾರಕ್ಕೆ ಇಳಿದಿರುತ್ತದೆ. ಮರಿಯ ಸ್ವಂತ ರೋಗನಿರೋಧಕ ಶಕ್ತಿ ಇನ್ನೂ ಬಲಿತಿರುವುದಿಲ್ಲ. ಸರಿಯಾಗಿ ಆ ಸಂದಿನಲ್ಲೇ ನಾನು ಸೋಯಾ ಸುರಿದಿದ್ದೆ. ಸೋಯಾದಲ್ಲಿ ಗ್ಲೈಸಿನಿನ್, ಬೀಟಾ ಕಾನ್‌ಗ್ಲೈಸಿನಿನ್ ಎಂಬ ಪ್ರೋಟೀನ್‌ಗಳಿವೆ. ಎಳೆಯ ಕರುಳು ಅವನ್ನು ಶತ್ರು ಎಂದೇ ತಿಳಿದು ಉರಿಯೇಳುತ್ತದೆ. ಜೀರ್ಣವಾಗದೆ ಉಳಿದದ್ದು ದೊಡ್ಡ ಕರುಳಿಗೆ ಹೋಗಿ ಕೊಳೆಯುತ್ತದೆ. ಕೆಟ್ಟ ಬ್ಯಾಕ್ಟೀರಿಯಾಗಳಿಗೆ ಅದೇ ಹಬ್ಬ.

ಸಾಲದ್ದಕ್ಕೆ ನನ್ನ ಹಿಂಡಿಗೆ ಸರಿಯಾಗಿ ಬಿಸಿಯೇ ತಾಗಿರಲಿಲ್ಲ. ಹಸಿ ಸೋಯಾದಲ್ಲಿ ಪ್ರೋಟೀನ್ ಒಡೆಯುವ ಟ್ರಿಪ್ಸಿನ್ ಎಂಬ ಕಿಣ್ವವನ್ನೇ ಕಟ್ಟಿಹಾಕುವ ಅಂಶ ಇರುತ್ತದೆ. ಬಿಸಿ ಮಾಡಿದರೆ ಅದು ಹೋಗುತ್ತದೆ. ಹಾಗಂತ ಜಾಸ್ತಿ ಹುರಿದರೆ ಮರಿಗೆ ಬೇಕೇ ಬೇಕಾದ ಲೈಸಿನ್ ಎಂಬ ಅಮೈನೋ ಆಮ್ಲ ಹಾಳು. ಮನೆಯಲ್ಲೇ ನೋಡುವ ಒಂದು ದಾರಿ ಇದೆ: ಬಾಟಲಿಯಲ್ಲಿ ಸ್ವಲ್ಪ ಹಿಂಡಿ, ಚೂರು ಯೂರಿಯಾ, ನೀರು ಹಾಕಿ ಮುಚ್ಚಿಡಿ. ಅರ್ಧ ಗಂಟೆ ಬಿಟ್ಟು ಮುಚ್ಚಳ ತೆಗೆದಾಗ ಅಮೋನಿಯಾ ಘಾಟು ಬಂದರೆ ಹಿಂಡಿ ಹಸಿ ಎಂದೇ ಲೆಕ್ಕ. ಪರೀಕ್ಷೆ ಮಾಡಿದ್ದನ್ನು ಚೆಲ್ಲಿಬಿಡಿ, ಯಾವ ಪ್ರಾಣಿಗೂ ಹಾಕಬೇಡಿ.

ಉಳಿದ ಏಳು ಬದುಕಿದವು. ಆದರೆ ಮೈ ಹಿಡಿಯಲೇ ಇಲ್ಲ. ಕೂದಲು ಒರಟು, ಹೊಟ್ಟೆ ಮಾತ್ರ ಉಬ್ಬು. ಅವುಗಳಿಗಿಂತ ಹತ್ತು ದಿನ ಚಿಕ್ಕವಾದ ಇನ್ನೊಂದು ಸೂಲಿನ ಮರಿಗಳು ಇವನ್ನು ದಾಟಿ ಬೆಳೆದವು. ದಿನಾ ನೋಡಿ ನೋಡಿ ಸಂಕಟವಾಗುತ್ತಿತ್ತು.

ಈಗ ಹಾಲು ಬಿಡಿಸುವ ಹಿಂದಿನ ಒಂದು ವಾರ, ಮುಂದಿನ ಒಂದು ವಾರ ಆಹಾರ ಬದಲಿಸುವುದೇ ಇಲ್ಲ. ಆಮೇಲೆ ಹತ್ತು ದಿನದಲ್ಲಿ ಚೂರು ಚೂರೇ ಸೋಯಾ ಏರಿಸುತ್ತೇನೆ. ಹುದುಗು ಬರಿಸಿದ ಸೋಯಾ ಸಿಕ್ಕರೆ ಅದೇ. ಹುದುಗಿದಾಗ ಆ ಕಾಟದ ಪ್ರೋಟೀನ್‌ಗಳು ಬಹುಪಾಲು ಒಡೆದಿರುತ್ತವೆ. ಪ್ರೋಟೀನನ್ನೂ ಶೇ. 18ರ ಆಸುಪಾಸಿಗೆ ಇಳಿಸಿ, ಕಡಿಮೆ ಬೀಳುವ ಲೈಸಿನ್ ಮತ್ತಿತರ ಅಮೈನೋ ಆಮ್ಲಗಳನ್ನು ವೈದ್ಯರು ಹೇಳಿದ ಅಳತೆಯಲ್ಲಿ ಬೇರೆಯಾಗಿ ಸೇರಿಸುತ್ತೇನೆ.

ಪ್ರೋಟೀನಿಗೆಂದು ಹುಳುವಿನ ಪುಡಿ ಕೊಳ್ಳುವವರಿಗೂ ಒಂದು ಮಾತು. ಚೀಲದ ಮೇಲಿನ ಶೇಕಡಾವಾರು ನಂಬಬೇಡಿ. ಪ್ರೋಟೀನ್ ಲೆಕ್ಕ ಬರುವುದು ಸಾರಜನಕವನ್ನು 6.25ರಿಂದ ಗುಣಿಸಿ. ಹುಳುವಿನ ಚಿಪ್ಪಿನ ಕೈಟಿನ್‌ನಲ್ಲೂ ಸಾರಜನಕ ಇದೆ. ಅದೂ ಪ್ರೋಟೀನ್ ಎಂದೇ ಲೆಕ್ಕಕ್ಕೆ ಬರುತ್ತದೆ, ಮರಿಗೆ ಮಾತ್ರ ದಕ್ಕುವುದಿಲ್ಲ. ಮೀನಿನ ಪುಡಿಗೆ ಸಾರಜನಕ ತುಂಬಿದ ಯೂರಿಯಾ ಬೆರೆಸಿ ಮೋಸ ಮಾಡುವುದೂ ಇದೇ ಲೆಕ್ಕದ ಆಸರೆಯಲ್ಲಿ.

ಮೊನ್ನೆ ಹೊಸ ಹಿಂಡಿ ಬಂತು. ಬಾಟಲಿ ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಘಾಟು ಏರಿತು. ಚೀಲ ಇಳಿಸಿಕೊಳ್ಳದೆ ಅದೇ ಗಾಡಿಯಲ್ಲಿ ವಾಪಸ್ ಕಳಿಸಿದೆ.